ಕನಸಿಗೊಂದು ದಿನಚರಿ

ಇರುಳು ಕಂಡ ಕನಸನ್ನು ಬೆಳಗಿನ ಕಾಫಿಯ ಹೊತ್ತಿಗೆ ಹೇಳಿಕೊಳ್ಳದ ಮನೆ ಯಾವುದಿದೆ? ಎಂದೋ ತೀರಿಕೊಂಡ ಅಜ್ಜಿ ಬಂದು ಹಪ್ಪಳ ಒಣಗಿಸಿದಿರಾ ಎಂದು ಕೇಳಿದ್ದು, ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಕಳೆದವರು ಪರೀಕ್ಷೆಗೆ ಹೊತ್ತಾಯಿತೆಂದು ಓಡಿದ್ದು, ಹಲ್ಲುಗಳು ಒಂದೊಂದಾಗಿ ಉದುರಿದ್ದು—ಹೇಳಲು ತೊಡಗಿದಾಗ ಎಲ್ಲವೂ ಕಣ್ಣಿಗೆ ಕಟ್ಟಿದಂತಿರುತ್ತದೆ. ನಾಲ್ಕು ಮಾತು ಆಡುವಷ್ಟರಲ್ಲಿ, “ಆಮೇಲೆ ಏನಾಯಿತೋ, ಮರೆತೇ ಹೋಯಿತು” ಎಂದು ಸುಮ್ಮನಾಗಬೇಕಾಗುತ್ತದೆ.

ಹೀಗೆ ಕೈಜಾರಿ ಹೋಗುವ ಕನಸನ್ನು ಹಿಡಿದಿಡಲು ಅದಕ್ಕೆಂದೇ ಒಂದು ದಿನಚರಿಯನ್ನು ಇಟ್ಟುಕೊಂಡವರುಂಟು. ಇವರಲ್ಲಿ ಹಲವರು ಆ ಪುಟಗಳಲ್ಲಿ ಹುಡುಕಿದ್ದು ನಾಳೆಯನ್ನು. ಆದರೆ ಅಲ್ಲಿ ದೊರೆತದ್ದು ನಿನ್ನೆ ಮತ್ತು ಇಂದು. ಅದೇನೂ ಕಡಮೆಯ ಲಾಭವಲ್ಲ.

ಓದಲಾಗದ ಚೀಟಿ

ಬರೆದಿಡುವುದರ ಬೆಲೆ ಎಷ್ಟೆಂಬುದಕ್ಕೆ ವಿಜ್ಞಾನಿ ಆಟೊ ಲೋವಿಯ ಅನುಭವವೇ ಸಾಕ್ಷಿ. ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಈತನನ್ನು ಬಹುಕಾಲ ಕಾಡಿದ ಪ್ರಶ್ನೆಯೊಂದಿತ್ತು. ನರಗಳು ಹೃದಯಕ್ಕೆ ಆಜ್ಞೆ ಕಳುಹಿಸುವುದು ವಿದ್ಯುತ್ತಿನಿಂದಲೋ, ಯಾವುದಾದರೂ ರಾಸಾಯನಿಕ ವಸ್ತುವಿನಿಂದಲೋ? ಒಂದು ರಾತ್ರಿ ಥಟ್ಟನೆ ಎಚ್ಚರಗೊಂಡ ಲೋವಿ ಚೀಟಿಯೊಂದರಲ್ಲಿ ಏನನ್ನೋ ಗೀಚಿ ಮತ್ತೆ ಮಲಗಿದ. ಬೆಳಗ್ಗೆ ಎದ್ದಾಗ, ಬರೆದದ್ದು ಬಹಳ ಮುಖ್ಯವಾದ ವಿಷಯವೆಂಬುದು ನೆನಪಿತ್ತು. ಆದರೆ ತನ್ನ ಅಕ್ಷರವನ್ನು ತಾನೇ ಓದಲಾರದೆ ಹೋದ! ಪುಣ್ಯವಶಾತ್ ಮರುರಾತ್ರಿ ಮೂರು ಗಂಟೆಗೆ ಅದೇ ವಿಚಾರ ಮತ್ತೆ ಹೊಳೆಯಿತು. ಈ ಸಲ ಆತ ಚೀಟಿಯನ್ನು ನಂಬಲಿಲ್ಲ. ನೇರವಾಗಿ ಪ್ರಯೋಗಶಾಲೆಗೆ ನಡೆದ. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಆ ಹೃದಯವನ್ನು ತೋಯಿಸಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಯಿಸಿದಾಗ ಅದರ ಬಡಿತವೂ ನಿಧಾನವಾಯಿತು. ಆಜ್ಞೆಯನ್ನು ಒಯ್ಯುವುದು ರಾಸಾಯನಿಕ ವಸ್ತುವೆಂಬುದು ಸಿದ್ಧವಾಯಿತು. 1921ರಲ್ಲಿ ಪ್ರಕಟವಾದ ಈ ಸಂಶೋಧನೆ 1936ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ತಂದಿತು.

ಬೆಳಗಿನ ಜಾವದ ಕನಸು

ಬೆಳಗಿನ ಜಾವದ ಕನಸು ನಿಜವಾಗುತ್ತದೆಂದು ನಮ್ಮ ಹಿರಿಯರು ಹೇಳುತ್ತಾರೆ. ನಿಜವಾಗುವ ಮಾತು ಹಾಗಿರಲಿ. ಆ ಹೊತ್ತಿನ ಕನಸು ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದಕ್ಕೆ ಮಾತ್ರ ಕಾರಣವಿದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬವರು, ನಿದ್ದೆಯ ಕೆಲವು ಹಂತಗಳಲ್ಲಿ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣುಗಳು ಅತಿ ವೇಗವಾಗಿ ಚಲಿಸುವುದನ್ನು ಪ್ರಕಟಪಡಿಸಿದರು. ಆಗ ಎಬ್ಬಿಸಿದವರಲ್ಲಿ ಬಹುಪಾಲು ಜನ ತಾವು ಕನಸು ಕಾಣುತ್ತಿದ್ದುದಾಗಿ ಹೇಳಿದರು. ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಬರುವ ಈ ಹಂತವು ರಾತ್ರಿ ಕಳೆದಂತೆಲ್ಲ ದೀರ್ಘವಾಗುತ್ತ ಹೋಗುತ್ತದೆ. ನಸುಕಿನ ಕನಸು ಉದ್ದನೆಯದು. ಅದರ ಬೆನ್ನಿಗೇ ಎಚ್ಚರವೂ ಆಗುವುದರಿಂದ ಅದು ನೆನಪಿಗೆ ಸಿಕ್ಕುತ್ತದೆ. “ನನಗೆ ಕನಸೇ ಬೀಳುವುದಿಲ್ಲ” ಎನ್ನುವವರು ಬಹುಮಟ್ಟಿಗೆ ಕನಸು ಕಂಡು ಮರೆತವರೇ.

ನಾಳೆಯನ್ನು ಹುಡುಕಿದವರು

ವಿಮಾನಗಳನ್ನು ರೂಪಿಸಿದ ಜೆ. ಡಬ್ಲ್ಯು. ಡನ್ ಎಂಬ ಇಂಜಿನಿಯರು 1902ರಲ್ಲಿ ಸೈನಿಕನಾಗಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಒಂದು ಕನಸು ಕಂಡ. ಜ್ವಾಲಾಮುಖಿಯಿಂದ ಸಿಡಿಯಲಿರುವ ದ್ವೀಪ. ಅಲ್ಲಿನ ನಾಲ್ಕು ಸಾವಿರ ಜನರನ್ನು ಉಳಿಸಿರೆಂದು ಫ್ರೆಂಚ್ ಅಧಿಕಾರಿಗಳಲ್ಲಿ ಮೊರೆಯಿಡುತ್ತಿದ್ದಾನೆ. ಕೆಲಕಾಲದಲ್ಲಿ ಕೈಸೇರಿದ ಪತ್ರಿಕೆಯಲ್ಲಿ ಫ್ರೆಂಚರ ಮಾರ್ಟಿನಿಕ್ ದ್ವೀಪದಲ್ಲಿ ಪೆಲೆ ಪರ್ವತ ಸಿಡಿದ ಸುದ್ದಿಯಿತ್ತು. ಸತ್ತವರು ನಾಲ್ಕು ಸಾವಿರವೆಂದು ಡನ್ ಓದಿಕೊಂಡ. ವರ್ಷಗಳ ತರುವಾಯ ಅದೇ ಸುದ್ದಿಯನ್ನು ಮತ್ತೆ ನೋಡಿದಾಗ ಅಲ್ಲಿ ಅಚ್ಚಾಗಿದ್ದದ್ದು ನಲವತ್ತು ಸಾವಿರ! ಹಾಗಾದರೆ ತನಗೆ ಕನಸಿನಲ್ಲಿ ಮುಂದಾಗಿ ಕಂಡದ್ದು ಪರ್ವತವಲ್ಲ, ತಾನು ತಪ್ಪಾಗಿ ಓದಲಿದ್ದ ಪತ್ರಿಕೆ ಎಂದು ಅವನು ತರ್ಕಿಸಿದ. 1927ರಲ್ಲಿ ಪ್ರಕಟವಾದ ಅವನ ಪುಸ್ತಕ, ಕನಸಿನಲ್ಲಿ ಭೂತ ಭವಿಷ್ಯಗಳೆರಡೂ ಬೆರೆಯುತ್ತವೆಂದು ವಾದಿಸಿತು. ದಿಂಬಿನ ಕೆಳಗೆ ಪುಸ್ತಕ ಪೆನ್ಸಿಲುಗಳನ್ನಿಟ್ಟುಕೊಂಡು, ಕಣ್ಣು ತೆರೆಯುವ ಮುನ್ನವೇ ಕನಸನ್ನು ನೆನೆದು ಬರೆದುಕೊಳ್ಳಿರೆಂದು ಓದುಗರಿಗೆ ಹೇಳಿತು.

ಈ ಮಾತನ್ನು ಒರೆಗೆ ಹಚ್ಚಲು ಹೊರಟವನು ಕಾದಂಬರಿಕಾರ ವ್ಲಾದಿಮಿರ್ ನಬೊಕೊವ್. ಸ್ವಿಟ್ಸರ್ಲೆಂಡಿನ ಮಾಂಟ್ರೊ ಪಟ್ಟಣದ ಹೋಟೆಲಿನಲ್ಲಿ ವಾಸವಾಗಿದ್ದ ಆತ 1964ರ ಅಕ್ಟೋಬರ್ 14ರಿಂದ 1965ರ ಜನವರಿ 3ರವರೆಗೆ ತನ್ನ ಕನಸುಗಳನ್ನು ಬರೆದಿಟ್ಟ. 118 ಕಾರ್ಡುಗಳು ತುಂಬಿದವು. ಒಂದು ಕನಸಿನಲ್ಲಿ ಆತ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದ ಮಣ್ಣಿನ ಮಾದರಿಗಳನ್ನು ಅನ್ಯಮನಸ್ಕನಾಗಿ ತಿಂದುಬಿಟ್ಟಿದ್ದ. ಕೆಲವೇ ದಿನಗಳಲ್ಲಿ ಟೆಲಿವಿಷನ್ನಿನಲ್ಲಿ ಮಣ್ಣಿನ ಪರೀಕ್ಷೆಯ ಚಿತ್ರವೊಂದನ್ನು ನೋಡಿ, ಡನ್ ಹೇಳಿದ್ದಕ್ಕೆ ಪುರಾವೆ ದೊರೆಯಿತೆಂದು ಹಿಗ್ಗಿದ. ಆದರೆ 2018ರಲ್ಲಿ ಆ ಕಾರ್ಡುಗಳನ್ನು ಪ್ರಕಟಿಸಿದ ಸಂಪಾದಕರು ಇನ್ನೊಂದು ಹೋಲಿಕೆಯನ್ನು ಎತ್ತಿ ತೋರಿಸಿದರು. ಆ ಕನಸಿನ ಸುಳಿವು, ಕಾಲು ಶತಮಾನದ ಹಿಂದೆ ನಬೊಕೊವ್ ತಾನೇ ಬರೆದಿದ್ದ ಕತೆಯೊಂದರಲ್ಲಿತ್ತು! ನಾಳೆಯ ಚಿತ್ರವೆಂದು ಆತ ಬಗೆದದ್ದು ತನ್ನದೇ ಹಳೆಯ ಬರಹದ ನೆರಳಾಗಿತ್ತು.

ಗೋಡೆಗಳಿಲ್ಲದ ಮನೆ

ನಾಳೆಯ ಗೊಡವೆಯಿಲ್ಲದೆ, ಇಂದನ್ನು ಅರಿಯಲೆಂದೇ ಕನಸುಗಳನ್ನು ಕೂಡಿಟ್ಟವಳು ಬರ್ಲಿನ್ನಿನ ಪತ್ರಿಕೋದ್ಯೋಗಿ ಷಾರ್ಲೊಟ್ ಬೆರಾಟ್. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಈಕೆ ದರ್ಜಿಯನ್ನೂ ವೈದ್ಯನನ್ನೂ ನೆರೆಯವರನ್ನೂ, “ನಿಮಗೇನು ಕನಸು ಬಿತ್ತು?” ಎಂದು ಮೆಲ್ಲನೆ ಕೇಳುತ್ತ ಹೋದಳು. ಇದು ಪ್ರಾಣಕ್ಕೆ ಎರವಾಗಬಲ್ಲ ಕೆಲಸ. ಬರೆಯುವಾಗ ನಾಯಕರ ಹೆಸರುಗಳನ್ನು ಮರೆಸಿ ‘ಹಾನ್ಸ್ ಮಾಮ’ ಎಂಬಂಥ ಹೆಸರುಗಳನ್ನಿಟ್ಟಳು. ಟಿಪ್ಪಣಿಗಳನ್ನು ಪುಸ್ತಕಗಳ ಬೆನ್ನಿನೊಳಗೆ ಅಡಗಿಸಿದಳು. ಅನಂತರ ಪತ್ರಗಳಾಗಿ ಪರದೇಶಗಳಿಗೆ ಕಳುಹಿಸಿದಳು. 1939ರಲ್ಲಿ ಆಕೆ ಜರ್ಮನಿಯಿಂದ ಪಾರಾದಳು. ಆ ಸಂಗ್ರಹ ಪುಸ್ತಕವಾದದ್ದು 1966ರಲ್ಲಿ.

ಅದರಲ್ಲಿ ಒಬ್ಬ ವೈದ್ಯನ ಕನಸಿದೆ. ದಿನದ ಕೆಲಸ ಮುಗಿಸಿ ಆತ ಪುಸ್ತಕ ಹಿಡಿದು ಒರಗಿದ್ದಾನೆ. ಇದ್ದಕ್ಕಿದ್ದಂತೆ ಕೋಣೆಯ ಗೋಡೆಗಳು ಮಾಯವಾಗುತ್ತವೆ. ನೋಡಿದರೆ ಊರಿನ ಯಾವ ಮನೆಗೂ ಗೋಡೆಯಿಲ್ಲ. ಗೋಡೆಗಳನ್ನು ರದ್ದುಪಡಿಸುವ ಆಜ್ಞೆಯನ್ನು ಧ್ವನಿವರ್ಧಕವೊಂದು ಸಾರುತ್ತಿದೆ. ಮನೆಯೊಳಗೂ ಬಾಯಿ ಬಿಡಲು ಅಂಜಬೇಕಾಗಿದ್ದ ಕಾಲಕ್ಕೆ ಇದಕ್ಕಿಂತ ನಿಚ್ಚಳವಾದ ಕನ್ನಡಿ ಬೇಕೆ? ಬೆಳಗ್ಗೆ ಆತ ಅದನ್ನು ಬರೆದಿಟ್ಟ. ಮುಂದೆ ಇನ್ನೊಂದು ಕನಸು ಬಿತ್ತು: ಕನಸುಗಳನ್ನು ಬರೆದಿಟ್ಟನೆಂಬುದೇ ಅವನ ಮೇಲಿನ ಆಪಾದನೆ!

ಬರೆಯುವ ಬಗೆ

ಕನಸಿನ ಮೂಲವನ್ನು ಕುರಿತು ನಮ್ಮ ಚರಕಸಂಹಿತೆಯೂ ವಿಚಾರ ಮಾಡಿದೆ. ದೃಷ್ಟ, ಶ್ರುತ, ಅನುಭೂತ, ಪ್ರಾರ್ಥಿತ, ಕಲ್ಪಿತ, ಭಾವಿಕ, ದೋಷಜ ಎಂದು ಅದು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು—ಇವುಗಳಿಂದ ಹುಟ್ಟಿದ ಮೊದಲ ಐದು ಬಗೆಗೆ ಶುಭಾಶುಭ ಫಲವಿಲ್ಲವೆಂದೂ ಹೇಳುತ್ತದೆ. ದುಃಸ್ವಪ್ನ ಕಂಡು ದಿನವೆಲ್ಲ ಅಳುಕುವವರು ನೆನಪಿನಲ್ಲಿಡತಕ್ಕ ಮಾತಿದು.

ದಿನಚರಿಯನ್ನು ಆರಂಭಿಸಲು ಹೆಚ್ಚಿನ ಸಲಕರಣೆ ಬೇಡ. ತಲೆದೆಸೆಯಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು. ಎಚ್ಚರವಾದೊಡನೆ ಏಳದೆ, ಮಗ್ಗುಲೂ ಬದಲಿಸದೆ, ಕೊನೆಯ ದೃಶ್ಯದಿಂದ ಹಿಂದಕ್ಕೆ ನೆನಪು ಮಾಡಿಕೊಳ್ಳಬೇಕು. ತಾರೀಖು ಹಾಕಿ, ಸಿಕ್ಕಷ್ಟನ್ನು—ಒಂದೇ ಬಣ್ಣ, ಒಂದೇ ಮಾತಾದರೂ ಸರಿ—ಓದಲು ಬರುವಂತೆ ಬರೆಯಬೇಕು. ಎದುರು ಪುಟದಲ್ಲಿ ಹಿಂದಿನ ದಿನ ನಡೆದದ್ದನ್ನು ಎರಡು ಸಾಲು ಗುರುತಿಸಿದರೆ, ತಿಂಗಳೊಪ್ಪತ್ತಿನಲ್ಲಿ ಮನಸ್ಸು ಮತ್ತೆ ಮತ್ತೆ ತಡವುವ ನೋವು ಯಾವುದು, ಆಸೆ ಯಾವುದು ಎಂಬುದು ತಾನಾಗಿ ತಿಳಿದುಬರುತ್ತದೆ. ಅರ್ಥ ಹಚ್ಚುವ ಆತುರ ಬೇಡ. ಭಯಂಕರ ಕನಸೊಂದು ಪದೇ ಪದೇ ಬಂದು ನಿದ್ದೆಗೆಡಿಸುತ್ತಿದ್ದರೆ ವೈದ್ಯರ ಸಲಹೆ ಪಡೆಯುವುದು ಲೇಸು. ಅಂಥ ಕನಸನ್ನು ಬರೆದು, ಅದರ ಕೊನೆಯನ್ನು ತಮಗೆ ಬೇಕಾದಂತೆ ಬದಲಿಸಿ, ಹಗಲಿನಲ್ಲಿ ಮನನ ಮಾಡಿಸುವ ಚಿಕಿತ್ಸಾಕ್ರಮವೂ ಉಂಟು.

ಇನ್ನೊಂದು ನಿಯಮ ಬರೆಯುವವರಿಗಲ್ಲ, ಅವರ ಮನೆಯವರಿಗೆ. ಗಂಡನದಾಗಲಿ, ಹೆಂಡತಿಯದಾಗಲಿ, ಬೆಳೆದ ಮಕ್ಕಳದಾಗಲಿ—ಕನಸಿನ ಪುಸ್ತಕವನ್ನು ಅವರಾಗಿ ಕೊಡದೆ ತೆರೆಯಲಾಗದು. ಎಷ್ಟೇ ಒಗ್ಗಟ್ಟಿನ ಸಂಸಾರವಾದರೂ ಒಬ್ಬೊಬ್ಬರಿಗೂ ಒಂದು ಗೋಡೆ ಬೇಕು.