ಉಬ್ಬರ ತಂದ ಕೆಸರು

ಕಡಲ ನೀರು ದಿನಕ್ಕೆ ಎರಡು ಸಲ ಅಳಿವೆಯನ್ನು ಹೊಕ್ಕು, ಎರಡು ಸಲ ಹೊರಗೆ ಹೋಗುತ್ತದೆ. ಬಂದಷ್ಟು ನೀರೂ ಹಿಂದಿರುಗುವುದಾದರೆ, ಅದರೊಡನೆ ಬಂದ ಕೆಸರೂ ಹಿಂದಿರುಗಬೇಕಷ್ಟೆ? ಹಾಗಾಗುವುದಿಲ್ಲ. ಕೆಸರು ಒಳಗೇ ಉಳಿದು, ದಡದತ್ತ ಸರಿದು, ಕಾಲಕ್ರಮದಲ್ಲಿ ನೆಲವಾಗುತ್ತದೆ. ಈ ಲೆಕ್ಕ ಎಲ್ಲಿ ತಪ್ಪುತ್ತದೆಂಬುದನ್ನು ಚೆನ್ನಾಗಿ ವಿಚಾರಿಸಿದವರು ಡಚ್ಚರು.

ಹಾಲೆಂಡಿನ ಡೆನ್ ಹೆಲ್ಡರಿನಿಂದ ಜರ್ಮನಿಯ ಕರಾವಳಿಯನ್ನು ಬಳಸಿ ಡೆನ್ಮಾರ್ಕಿನವರೆಗೆ ಸುಮಾರು 500 ಕಿಲೋಮೀಟರ್ ಉದ್ದಕ್ಕೆ ವಾಡನ್ ಸಮುದ್ರವೆಂಬ ಆಳವಿಲ್ಲದ ಕಡಲಿದೆ. ಹೊರಗೆ ಮರಳಿನ ದ್ವೀಪಗಳ ಸಾಲು, ಅವುಗಳ ನಡುವೆ ನೀರಿನ ಬಾಗಿಲುಗಳು, ಒಳಗೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲು. 'ವಾಡ್' ಎಂದರೆ ಆ ಬಯಲೇ. ಹೊತ್ತು ನೋಡಿಕೊಂಡು ಜನರು ದ್ವೀಪಕ್ಕೆ ನಡೆದೇ ಹೋಗುವುದುಂಟು. ಬಾಗಿಲುಗಳ ಬಳಿ ಬರಿಯ ಮರಳು. ಒಳದಡದ ಬಳಿ ನುಣುಪಾದ ಜೇಡಿ. ಪೋಸ್ಟ್‌ಮಾ, ಫಾನ್ ಸ್ಟ್ರಾಟನ್, ಕ್ಯೂನೆನ್ ಎಂಬ ವಿದ್ವಾಂಸರು 1950ರ ದಶಕದಲ್ಲಿ ಇದರ ಕಾರಣವನ್ನು ಬಿಡಿಸಿ ಹೇಳಿದರು.

ಮಿಲಿಮೀಟರಿನ 500ರಲ್ಲಿ ಒಂದು ಪಾಲಿನಷ್ಟು ದಪ್ಪದ ಜೇಡಿಯ ಕಣವು ನಿಶ್ಚಲವಾದ ನೀರಿನಲ್ಲಿ ಒಂದು ಮೀಟರು ಮುಳುಗಲು ಸುಮಾರು 3 ದಿನ ಬೇಕು. ಉಬ್ಬರವೋ ಆರು ಗಂಟೆಯದು! ಆದರೆ ಉಪ್ಪುನೀರಿನಲ್ಲಿ ಈ ಕಣಗಳು ಒಂದಕ್ಕೊಂದು ಅಂಟಿ, ಒಡೆದ ಹಾಲಿನಂತೆ ಗರಣೆಗಟ್ಟುತ್ತವೆ. ಗರಣೆ ದಪ್ಪವಾದರೆ ಗಂಟೆಯೊಳಗೆ ತಳ ಸೇರಬಲ್ಲದು. ಚಿಪ್ಪಿನ ಜೀವಿಗಳೂ ನೀರನ್ನು ಸೋಸಿ, ತಮಗೆ ಬೇಡವಾದ ಮಣ್ಣನ್ನು ಉಂಡೆಮಾಡಿ ಕೆಳಕ್ಕೆ ಬಿಡುತ್ತವೆ.

ಇನ್ನು ನೀರಿನ ಮಾತು. ಒಳದಡ ಹತ್ತಿರವಾದಂತೆ ಉಬ್ಬರದ ವೇಗ ತಗ್ಗುತ್ತದೆ, ಕೆಸರು ಮುಳುಗತೊಡಗುತ್ತದೆ. ಆದರೆ ಅದು ತಳ ಮುಟ್ಟುವಷ್ಟರಲ್ಲಿ ನೀರು ಅದನ್ನು ಇನ್ನಷ್ಟು ಒಳಕ್ಕೆ ಒಯ್ದಿರುತ್ತದೆ. ಬಸ್ಸಿನಲ್ಲಿ ತೂಕಡಿಸಿದವನು ತನ್ನ ಊರು ದಾಟಿದ ಮೇಲೆ ಇಳಿದ ಹಾಗೆ. ಇಳಿತ ಮೊದಮೊದಲು ಮಂದಗತಿಯದು. ಕೂತ ಕೆಸರನ್ನು ಎಬ್ಬಿಸಲು, ತೇಲುವ ಕೆಸರನ್ನು ಹೊತ್ತಿರುವುದಕ್ಕಿಂತ ಹೆಚ್ಚು ವೇಗ ಬೇಕು. ಆ ವೇಗ ಬರುವ ಹೊತ್ತಿಗೆ ಅದನ್ನು ತಂದ ನೀರು ಮುಂದೆ ಸಾಗಿರುತ್ತದೆ. ಹಿಂದಿನಿಂದ ಬಂದ ಬೇರೆ ನೀರು ಅದನ್ನು ಎತ್ತಿಕೊಂಡರೂ, ಬಂದಷ್ಟು ದೂರ ಒಯ್ಯುವ ಮೊದಲೇ ಇಳಿತ ಮುಗಿಯುತ್ತದೆ. ಹೀಗೆ ಉಬ್ಬರಕ್ಕೊಂದು ಹೆಜ್ಜೆ ಒಳಕ್ಕೆ. ಬಯಲಿನ ಮೇಲಿನ ಸೂಕ್ಷ್ಮ ಪಾಚಿಯ ಅಂಟುಪೊರೆ ಅದನ್ನು ಮತ್ತಷ್ಟು ಬಿಗಿಯುತ್ತದೆ. ಬಿರುಗಾಳಿ ಎದ್ದರೆ ಮಾತ್ರ ಬಹುದಿನದ ಗಳಿಕೆ ಒಂದೇ ದಿನಕ್ಕೆ ಹೋದೀತು.

ರೈತರು ಈ ಸಿದ್ಧಾಂತಕ್ಕಾಗಿ ಕಾದು ಕೂರಲಿಲ್ಲ. ಗ್ರೋನಿಂಗನ್, ಫ್ರೀಸ್‌ಲೆಂಡ್ ದಡಗಳಲ್ಲಿ ಕಾಲುವೆ ತೋಡಿ, ಕಡ್ಡಿಪೊದೆಯ ಬೇಲಿ ಕಟ್ಟಿ ಕೆಸರನ್ನು ಕೂರಿಸಿದರು. ನೆಲ ಎತ್ತರವಾದ ಮೇಲೆ ಒಡ್ಡು ಹಾಕಿ ಉತ್ತರು. ತೊಡಕು ಹುಟ್ಟಿದ್ದು ಅಲ್ಲಿಯೇ. ಒಡ್ಡು ಎದ್ದೊಡನೆ ಹೊಸ ಕೆಸರು ಬರುವುದು ನಿಂತಿತು. ನೀರಾರಿದ ಒಳನೆಲ ಕುಗ್ಗಿತು. ಡೊಲ್ಲಾರ್ಟ್ ಕೊಲ್ಲಿಯ ಸುತ್ತ ಒಡ್ಡು ಹಳೆಯದಾದಷ್ಟೂ ಅದರ ಒಳಗಿನ ಹೊಲ ತಗ್ಗು. ಹೊಸ ಹೊಲವೇ ಎತ್ತರ. ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ, ಕೆಸರು ಸಾಕಷ್ಟು ದೊರೆತರೆ ಒಡ್ಡಿನ ಹೊರಗಿನ ಬಯಲು ಅದರೊಡನೆ ಏರಬಲ್ಲದು. ಒಳಗಿನ ಹೊಲ ಏರಲಾರದು.

ಆದುದರಿಂದ ಈಚೆಗೆ ಎಮ್ಸ್ ಅಳಿವೆಯ ದಡದಲ್ಲಿ ಎರಡು ಒಡ್ಡುಗಳ ನಡುವಣ ಹೊಲಕ್ಕೆ ಉಬ್ಬರದ ನೀರನ್ನು ಬಿಟ್ಟು, ಕೆಸರು ಕೂರಿಸಿ ನೋಡುವ ಪ್ರಯೋಗ ನಡೆದಿದೆ. ಕುಮಟೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಬಲ್ಲವರಿಗೆ ಇದು ತೀರ ಹೊಸತೆನಿಸದು. ಗಜನಿಯ ಕಟ್ಟೆಗೆ ಬಾಗಿಲುಂಟು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಬಳಿಕ ಬಾಗಿಲು ತೆರೆದರೆ, ಮೀನು ಸೀಗಡಿಗಳ ಜೊತೆಗೆ ಮೆಕ್ಕಲೂ ಒಳಕ್ಕೆ ಬರುತ್ತದೆ.