ಹಳೆಯ ಎಂಜಿನ್ನಿನ ರೋಗನಿದಾನ

ಇಂಗ್ಲೆಂಡಿನಲ್ಲಿ, ಆಕ್ಸ್‌ಫರ್ಡಿನಿಂದ ತುಸು ದೂರದಲ್ಲಿ, ಥೇಮ್ಸ್ ನದಿಯ ದಡದ ಮೇಲೆ ಆಬಿಂಗ್ಡನ್ ಎಂಬ ಪುಟ್ಟ ಪಟ್ಟಣವಿದೆ. ಎಂ.ಜಿ. ಎಂಬ ಎರಡಕ್ಷರದ ಹೆಸರು ಹೊತ್ತ ಸ್ಪೋರ್ಟ್ಸ್ ಕಾರುಗಳು ಐದು ದಶಕಗಳ ಕಾಲ ಹೊರಬಂದುದು ಈ ಊರಿನ ಕಾರ್ಖಾನೆಯಿಂದ. ಮಾರಿಸ್ ಗ್ಯಾರೇಜಸ್ ಎಂಬ ಸಂಸ್ಥೆಯ ಮೊದಲಕ್ಷರಗಳೇ ಆ ಹೆಸರಿಗೆ ಮೂಲ. ಅವುಗಳಲ್ಲೆಲ್ಲ ಹೆಚ್ಚು ಜನಪ್ರಿಯವಾದುದು ೧೯೬೨ರಲ್ಲಿ ಬಂದ ಎಂ.ಜಿ.ಬಿ. ೧೯೮೦ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚುವ ಹೊತ್ತಿಗೆ ಆ ಮಾದರಿಯ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಹುಟ್ಟಿದ ಮನೆ ಮುಚ್ಚಿಹೋಯಿತು. ಕಾರುಗಳು ಮಾತ್ರ ಇಂದಿಗೂ ಅಭಿಮಾನಿಗಳ ಆರೈಕೆಯಲ್ಲಿ ಓಡುತ್ತಿವೆ.

ಕನ್ನಡ ನಾಡಿನ ವಾಚಕರಿಗೆ ಈ ಕಾರು ಅಷ್ಟಾಗಿ ಪರಿಚಿತವಲ್ಲ. ಆದರೆ ಅದರ ಎಂಜಿನ್ನಿಗೂ ನಮಗೂ ಹಳೆಯ ನಂಟುಂಟು. ಎಂ.ಜಿ.ಬಿ.ಯ ೧೭೯೮ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಎಂಜಿನ್ 'ಬಿ ಸೀರೀಸ್' ಎಂಬ ಮನೆತನಕ್ಕೆ ಸೇರಿದ್ದು. ಅದೇ ಮನೆತನದ ೧೪೮೯ ಘನ ಸೆಂಟಿಮೀಟರಿನ ಎಂಜಿನ್ ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ದುಡಿಯಿತು. ಮದುವೆಯ ದಿಬ್ಬಣಕ್ಕೂ ಮಂತ್ರಿಗಳ ಸವಾರಿಗೂ ಸಮನಾಗಿ ಒದಗಿದ ಆ ಕಾರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಆದಕಾರಣ ಆಬಿಂಗ್ಡನ್ನಿನ ಕಾರಿಗೆ ಬರುವ ಕಾಯಿಲೆಗಳೂ, ಅವುಗಳನ್ನು ಪತ್ತೆಹಚ್ಚುವ ಕ್ರಮವೂ, ತಂದೆಯ ಕಾಲದ ಅಂಬಾಸಿಡರನ್ನು ಮನೆಯಲ್ಲಿ ಉಳಿಸಿಕೊಂಡವರಿಗೆ ಬಹುಮಟ್ಟಿಗೆ ಅನ್ವಯಿಸುತ್ತವೆ.

ಮುಪ್ಪಡರಿದ ಎಂಜಿನ್ ಒಮ್ಮೆಲೇ ಕೆಡುವುದು ಅಪರೂಪ. ಮೊದಲು ಏರಿನಲ್ಲಿ ಏದುಸಿರು ಬಿಡುತ್ತದೆ, ನಿಂತಲ್ಲಿ ನಡುಗುತ್ತದೆ, ಓಡುವಾಗ ಮಿಸ್ ಹೊಡೆಯುತ್ತದೆ. ಆಗ ಯಜಮಾನನು ಥಟ್ಟನೆ ಕೈಹಾಕುವುದು ಕಾರ್ಬ್ಯುರೇಟರಿಗೆ. ಬಾನೆಟ್ ತೆರೆದೊಡನೆ ಕಣ್ಣಿಗೆ ಬೀಳುವುದು ಅದೇ. ತಿರುಗಿಸಲು ಕೈಗೆಟುಕುವ ತಿರುಪುಗಳಿರುವುದೂ ಅದರಲ್ಲಿಯೇ. ಆದರೆ ಎಷ್ಟೋ ವೇಳೆ ದೋಷವಿರುವುದು ಕಿಡಿ ಹುಟ್ಟಿಸುವ ಭಾಗದಲ್ಲಿ. ಶಿಕ್ಷೆಯಾಗುವುದು ಪೆಟ್ರೋಲ್ ಬೆರೆಸುವ ಭಾಗಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಹೀಗೆ ಒಂದು ದೋಷ ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ 'ಎಂಜಿನ್ ಬಿಚ್ಚದೆ ಗತಿಯಿಲ್ಲ' ಎಂಬ ತೀರ್ಪು ಹೊರಬೀಳುತ್ತದೆ. ಹಣವಂತೂ ಹೋಗುತ್ತದೆ. ಅದರೊಡನೆ, ಮತ್ತೆ ದೊರೆಯದ ಮೂಲ ಭಾಗಗಳೂ ಕೈಬಿಟ್ಟುಹೋಗುವ ಭಯವುಂಟು.

ಮೂರೇ ಬೇಡಿಕೆ

ಪೆಟ್ರೋಲ್ ಎಂಜಿನ್ ಎಷ್ಟೇ ಜಟಿಲವಾಗಿ ತೋರಿದರೂ ಅದು ಬೇಡುವುದು ಮೂರೇ ಸಂಗತಿಗಳನ್ನು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲ್, ಆ ಮಿಶ್ರಣವನ್ನು ಸೋರದಂತೆ ಒತ್ತುವ ಸಿಲಿಂಡರ್, ತಕ್ಕ ಗಳಿಗೆಯಲ್ಲಿ ಹಾರುವ ಕಿಡಿ. ಪರೀಕ್ಷೆಗೂ ಒಂದು ಕ್ರಮವಿದೆ. ಮೊದಲು ಒತ್ತಡ, ಅನಂತರ ವಾಲ್ವುಗಳ ಸಂದು, ಅದಾದ ಮೇಲೆ ಕಿಡಿ, ಕಟ್ಟಕಡೆಗೆ ಕಾರ್ಬ್ಯುರೇಟರ್. ಒತ್ತಡವಿಲ್ಲದ ಸಿಲಿಂಡರನ್ನು ಎಂಥ ಕಿಡಿಯೂ ಉದ್ಧರಿಸಲಾರದು. ಕಿಡಿ ನೆಟ್ಟಗಿಲ್ಲದಿರುವಾಗ ಮಿಶ್ರಣದ ಹದವನ್ನು ಅಳೆಯುವುದೂ ಸಾಧ್ಯವಿಲ್ಲ.

ನಾಲ್ವರಲ್ಲಿ ರೋಗಿ ಯಾರೆಂಬುದನ್ನು ತಿಳಿಯುವ ಉಪಾಯ ಸುಲಭ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ, ಕೈಗೆ ವಿದ್ಯುತ್ತು ತಾಗದ ಇಕ್ಕಳದಿಂದ ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಕ್ಷಣಕಾಲ ಬಿಡಿಸಬೇಕು. ಆರೋಗ್ಯದ ಸಿಲಿಂಡರಿನ ತಂತಿ ಬಿಟ್ಟೊಡನೆ ಎಂಜಿನ್ನಿನ ದನಿ ಕುಗ್ಗುತ್ತದೆ. ಯಾವ ತಂತಿ ಬಿಟ್ಟರೂ ಬಿಡದಿದ್ದರೂ ದನಿ ಒಂದೇ ಆಗಿರುತ್ತದೆಯೋ, ಆ ಸಿಲಿಂಡರು ದುಡಿಯದೆ ಕುಳಿತಿದೆ ಎಂದೇ ಅರ್ಥ.

ಆಮೇಲೆ ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ವೈದ್ಯನು ರೋಗಿಯ ನಾಲಗೆ ನೋಡುವಂತೆಯೇ ಇದು. ಬಿಸ್ಕತ್ತಿನ ಬಣ್ಣವಿದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು. ಸುಣ್ಣದಂತೆ ಬಿಳಿಚಿದ್ದರೆ ಪೆಟ್ರೋಲ್ ಕಡಿಮೆ, ಶಾಖ ಹೆಚ್ಚು. ಜಿಡ್ಡಾಗಿ ಕಪ್ಪಾಗಿದ್ದರೆ ಎಣ್ಣೆ ಒಳನುಗ್ಗುತ್ತಿದೆ. ಹೊಗೆಯೂ ಇದನ್ನೇ ಹೇಳುತ್ತದೆ. ಕರಿಹೊಗೆ ಪೆಟ್ರೋಲಿನದು, ನೀಲಿಹೊಗೆ ಎಣ್ಣೆಯದು. ಎಂಜಿನ್ ಬಿಸಿಯಾದ ಮೇಲೂ ಬಿಡದೆ ಬರುವ ಬಿಳಿಹೊಗೆ, ರೇಡಿಯೇಟರಿನ ನೀರು ಒಳಸೇರುತ್ತಿರುವುದರ ಎಚ್ಚರಿಕೆ.

ಒಂದು ಚಮಚ ಎಣ್ಣೆ

ಒತ್ತಡವನ್ನು ಅಳೆಯಲು ಒಂದು ಸಣ್ಣ ಮಾಪಕ ಸಾಕು. ಬಿಸಿಯಾದ ಎಂಜಿನ್ನಿನ ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಸ್ಟಾರ್ಟರಿನಿಂದ ತಿರುಗಿಸಿದರೆ ಮುಳ್ಳು ಮೇಲೇರುತ್ತದೆ. ಎಂ.ಜಿ.ಬಿ.ಯ ಸುಸ್ಥಿತಿಯ ಎಂಜಿನ್ನಿನಲ್ಲಿ ಅದು ಚದರ ಅಂಗುಲಕ್ಕೆ ಸುಮಾರು ೧೬೦ ಪೌಂಡ್ ತೋರಬೇಕು. ಅಂಕೆಗಿಂತಲೂ ಮುಖ್ಯವಾದುದು ನಾಲ್ಕರಲ್ಲಿಯೂ ಇರಬೇಕಾದ ಸಮತೆ.

ಒಂದು ಸಿಲಿಂಡರಿನ ಅಂಕೆ ಕುಸಿದಿದ್ದರೆ ಅದರೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಅಂಕೆ ಏರಿದರೆ ಸವೆದಿರುವುದು ಪಿಸ್ಟನ್ನಿನ ಉಂಗುರ. ಎಣ್ಣೆ ಅದರ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿರುತ್ತದೆ. ಏರದಿದ್ದರೆ ಸಾಮಾನ್ಯವಾಗಿ ದೋಷ ವಾಲ್ವಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಎಂಜಿನ್ ಬಿಚ್ಚದೆಯೇ ಒಳಗಿನ ಸ್ಥಿತಿ ಒಂದು ಚಮಚ ಎಣ್ಣೆಯಿಂದ ಹೊರಗೆ ಕಾಣುತ್ತದೆ! ನಾಲ್ಕೂ ಸಮನಾಗಿದ್ದರೆ ಬಿಚ್ಚುವ ಮಾತನ್ನು ಅಲ್ಲಿಗೇ ಬಿಡುವುದು ಲೇಸು.

ದಾರಿಯಲ್ಲಿ ನಿಂತ ಕಾರು

ಅತ್ಯಂತ ಕಾಡುವ ಕಾಯಿಲೆ ಇನ್ನೊಂದಿದೆ. ಬೆಳಗ್ಗೆ ಹೊರಟಾಗ ಕಾರು ಚೆನ್ನಾಗಿಯೇ ಓಡುತ್ತದೆ. ಹತ್ತು ಮೈಲಿ ಕಳೆಯುವಷ್ಟರಲ್ಲಿ ಉಸಿರುಕಟ್ಟಿದಂತಾಗಿ ನಿಲ್ಲುತ್ತದೆ. ಅರ್ಧ ಗಂಟೆ ಕಾದರೆ ಏನೂ ಆಗದಂತೆ ಮತ್ತೆ ಹೊರಡುತ್ತದೆ. ಎಳೆದು ತಂದು ಮೆಕ್ಯಾನಿಕ್ಕಿನ ಮುಂದೆ ನಿಲ್ಲಿಸಿದರಂತೂ ದೋಷ ಕಾಣುವುದೇ ಇಲ್ಲ. ವೈದ್ಯರ ಮನೆ ಮೆಟ್ಟಿಲೇರಿದೊಡನೆ ಇಳಿದುಹೋಗುವ ಮಗುವಿನ ಜ್ವರದಂತೆ!

ಇಲ್ಲಿ ಅನುಮಾನಕ್ಕೆ ಪಾತ್ರರಾದವರು ಇಬ್ಬರು. ಶಾಖಕ್ಕೆ ಪೆಟ್ರೋಲ್ ನಳಿಗೆಯಲ್ಲೇ ಆವಿಯಾಗಿರಬಹುದು; ಇಲ್ಲವೆ ಕಿಡಿಯ ವ್ಯವಸ್ಥೆಯ ಕಂಡೆನ್ಸರ್ ಅಥವಾ ಕಾಯಿಲ್ ಬಿಸಿಯೇರಿದಾಗ ಸೋಲುತ್ತಿರಬಹುದು. ತೀರ್ಮಾನವಾಗಬೇಕಾದುದು ಕಾರು ನಿಂತ ಸ್ಥಳದಲ್ಲಿ, ನಿಂತ ಗಳಿಗೆಯಲ್ಲಿ. ಒಂದು ಬಿಡಿ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಪೆಟ್ರೋಲಿನಿಂದ ದೂರವಾಗಿ ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಬೇಕು. ನೀಲಿ ಬಣ್ಣದ ಬಲವಾದ ಕಿಡಿ ಹಾರಿದರೆ ಪೆಟ್ರೋಲಿನ ಕಡೆ ನೋಡಬೇಕು. ಮಂಕಾದ ಹಳದಿ ಕಿಡಿ ಬಂದರೆ, ಇಲ್ಲವೆ ಕಿಡಿಯೇ ಬಾರದಿದ್ದರೆ, ಅಪರಾಧಿ ವಿದ್ಯುತ್ತಿನ ಕಡೆಯವನು.

ಕಿಡಿಯ ಭಾಗಗಳು ಇಷ್ಟು ಬೇಗ ಬಳಲುವುದರಲ್ಲಿ ಆಶ್ಚರ್ಯವಿಲ್ಲ. ಎಂಜಿನ್ ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸೆಕೆಂಡಿಗೆ ೧೦೦ ಬಾರಿ ತೆರೆದು ಮುಚ್ಚುತ್ತವೆ. ಅವುಗಳ ನಡುವಣ ಸಂದು ಅಂಗುಲದ ಸಾವಿರದಲ್ಲಿ ೧೫ ಭಾಗ. ಒಂದು ದಪ್ಪನೆಯ ವಿಸಿಟಿಂಗ್ ಕಾರ್ಡು ತೂರುವಷ್ಟು ಮಾತ್ರ. ಅಷ್ಟರಲ್ಲಿ ಕೊಂಚ ವ್ಯತ್ಯಾಸವಾದರೂ ಕಿಡಿಯ ಕಾಲವೇ ತಪ್ಪುತ್ತದೆ. ಪೆಟ್ರೋಲಿನ ವಿಷಯಕ್ಕೆ ಬಂದರೆ, ಈ ಕಾರಿನ ಹಿಂಭಾಗದಲ್ಲಿರುವ ವಿದ್ಯುತ್ ಪಂಪು ತಾನೇ ವರದಿ ಒಪ್ಪಿಸುತ್ತದೆ. ಕೀಲಿ ತಿರುಗಿಸಿದೊಡನೆ ಕೆಲವು ಬಾರಿ ಟಿಕ್ ಟಿಕ್ ಎಂದು ನಿಂತರೆ ಕಾರ್ಬ್ಯುರೇಟರುಗಳು ತುಂಬಿವೆ. ನಿಲ್ಲದೆ ಬಡಿದುಕೊಂಡರೆ ಪೆಟ್ರೋಲ್ ಬರುತ್ತಿಲ್ಲ, ಇಲ್ಲವೆ ಎಲ್ಲೋ ಸೋರುತ್ತಿದೆ.

ಇಷ್ಟೆಲ್ಲ ನಿರ್ದೋಷಿಗಳೆಂದು ಸಿದ್ಧವಾದ ಮೇಲೆಯೇ ಕಾರ್ಬ್ಯುರೇಟರಿನ ಸರದಿ. ಎಂ.ಜಿ.ಬಿ.ಗೆ ಅವು ಎರಡು. ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಎರಡರ ಬಾಯಿಗೂ ಒಂದಾದ ಮೇಲೊಂದರಂತೆ ಹಿಡಿದು ಗಾಳಿಯ ಸದ್ದನ್ನು ಆಲಿಸುತ್ತಾರೆ. ತಂಬೂರಿಯ ತಂತಿಗಳಂತೆ ಎರಡೂ ಒಂದೇ ಶ್ರುತಿಯಲ್ಲಿರಬೇಕು.

ಕಾಲ ತಂದ ಕಾಯಿಲೆ

ಕೆಲವು ರೋಗಗಳು ಈ ಕಾರು ಹುಟ್ಟಿದಾಗ ಇರಲಿಲ್ಲ. ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ಬ್ರಿಟನ್ನಿನಲ್ಲಿಯೂ ಭಾರತದಲ್ಲಿಯೂ ೨೦೦೦ದಲ್ಲಿ ನಿಂತಿತು. ಅಲ್ಲಿಯವರೆಗೆ ವಾಲ್ವುಗಳ ಪೀಠ ಸವೆಯದಂತೆ ಆ ಸೀಸ ಕಾಪಾಡುತ್ತಿತ್ತು. ಹಳೆಯ ಎಂಜಿನ್ನಿನಲ್ಲಿ ಹೊಗೆ ಹೊರಬಿಡುವ ವಾಲ್ವುಗಳ ಸಂದು ಮತ್ತೆ ಮತ್ತೆ ಕಿರಿದಾಗುತ್ತಿದ್ದರೆ ಪೀಠ ಸವೆಯುತ್ತಿದೆ ಎಂದು ತಿಳಿಯಬೇಕು. ಬ್ರಿಟನ್ನಿನಲ್ಲಿ ೨೦೨೧ರಿಂದ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ ೧೦ರವರೆಗೆ ಎಥನಾಲ್ ಬೆರೆಯುತ್ತಿದೆ. ಭಾರತದಲ್ಲಿ ನೂರಕ್ಕೆ ೨೦ ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಹಳೆಯ ರಬ್ಬರ್ ನಳಿಗೆಗಳು ಎಥನಾಲಿಗೆ ಮೆತ್ತಗಾಗಿ ಬಿರುಕುಬಿಡುತ್ತವೆ. ಆದ್ದರಿಂದ ಬಾನೆಟ್ಟಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಉಳಿದ ಪರೀಕ್ಷೆಗಳನ್ನೆಲ್ಲ ಬದಿಗಿಟ್ಟು ಮೊದಲು ನಳಿಗೆಗಳನ್ನು ನೋಡತಕ್ಕದ್ದು. ಅಲ್ಲಿ ಅಪಾಯಕ್ಕೊಳಗಾಗುವುದು ಎಂಜಿನ್ ಮಾತ್ರವಲ್ಲ, ಮನೆಯವರ ಪ್ರಾಣವೂ ಹೌದು.

ಹೊಸದಾಗಿ ಹಾಕಿದ ಬಿಡಿಭಾಗವೇ ಕೆಟ್ಟಿರುವುದೂ ಉಂಟು. 'ಅದನ್ನು ಮೊನ್ನೆಯಷ್ಟೇ ಬದಲಾಯಿಸಿದೆವಲ್ಲ' ಎಂಬ ಸಮಾಧಾನ ಪರೀಕ್ಷೆಗೆ ಬದಲಾಗದು. ಹಾಗೆಯೇ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ಬರೆದಿಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಕಾರು ಸರಿಹೋದರೂ ರೋಗ ಯಾವುದಿತ್ತೆಂದು ತಿಳಿಯುವುದಿಲ್ಲ. ಸರಿಹೋಗದಿದ್ದರಂತೂ ಹಳೆಯ ಒಗಟಿಗೆ ಹೊಸ ಗಂಟುಗಳು ಬೀಳುತ್ತವೆ.

ರೋಗದ ಮೂಲವನ್ನು ಹುಡುಕುವುದಕ್ಕೆ ನಿದಾನವೆಂದು ಹೆಸರು. ಅವಸರಪಡದಿರುವುದಕ್ಕೆ ನಿಧಾನವೆಂದು ಹೆಸರು. ಹಳೆಯ ಎಂಜಿನ್ನಿನ ಮುಂದೆ ಮೊದಲನೆಯದು ಎರಡನೆಯದಿಲ್ಲದೆ ಸಾಗದು. ಕೆಟ್ಟದ್ದು ಅಂಗೈಯಲ್ಲಿ ಹಿಡಿಯುವ ಕಂಡೆನ್ಸರೇ ಆಗಿದ್ದರೆ, ಅದೊಂದನ್ನೇ ಬದಲಿಸಿ ಮನೆಮಂದಿಯೆಲ್ಲ ಸಂಜೆಗೆ ಸುಖವಾಗಿ ಮನೆ ಸೇರಬಹುದು.