ಮೀನಿನ ಕರುಳಿನಲ್ಲಿ ಕೆಂಪು ಹುಳು: ಹತೋಟಿ ಹೇಗೆ?

ಕೊರವ, ಚೇಳು ಮೀನು ಮುಂತಾದವುಗಳನ್ನು ಸೀಳಿ ಶುಚಿಗೊಳಿಸುವಾಗ ಜಠರ ಇಲ್ಲವೆ ಕರುಳಿನ ಒಳಗೋಡೆಗೆ ಕೆಂಪು ದಾರದಂಥ ಹುಳುಗಳು ಕಚ್ಚಿಕೊಂಡಿರುವುದನ್ನು ರೈತರು ಕಂಡಿರಬಹುದು. ಇವು ಸಾಮಾನ್ಯವಾಗಿ ಕ್ಯಾಮಲ್ಲಾನಿಡೇ ಎಂಬ ಕುಟುಂಬಕ್ಕೆ ಸೇರಿದ ದುಂಡುಹುಳುಗಳು. ಗಟ್ಟಿಯಾದ ಬಾಯಿಯಿಂದ ಕರುಳನ್ನು ಹಿಡಿದು ರಕ್ತ ಹೀರುತ್ತವೆ.

ಹರಡುವ ಬಗೆ

ಹೆಣ್ಣು ಹುಳು ಮೊಟ್ಟೆಯಿಡದೆ ಜೀವಂತ ಮರಿಗಳನ್ನೇ ಹಾಕುತ್ತದೆ. ಅವು ಮೀನಿನ ಮಲದೊಡನೆ ನೀರಿಗೆ ಬರುತ್ತವೆ. ಸೈಕ್ಲಾಪ್ಸ್ ಎಂಬ ಸೂಕ್ಷ್ಮ ಜಲಜೀವಿ ಅವನ್ನು ನುಂಗುತ್ತದೆ. ಆ ಸೈಕ್ಲಾಪ್ಸನ್ನು ತಿಂದ ಮೀನಿಗೆ ಹುಳು ಸೇರುತ್ತದೆ. ಹಿಂದೆ ಮೆಟ್ಟಿಲುಬಾವಿಯ ನೀರು ಕುಡಿದವರನ್ನು ಕಾಡಿದ ನಾರುಹುಣ್ಣಿನ ಹುಳುವೂ ಸೈಕ್ಲಾಪ್ಸ್ ಮೂಲಕವೇ ಬರುತ್ತಿತ್ತು. ಅದು ಈ ಹುಳುಗಳ ಸಂಬಂಧಿ. ಭಾರತ ಆ ರೋಗದಿಂದ ಮುಕ್ತವೆಂದು 2000ದಲ್ಲಿ ಘೋಷಿಸಲಾಯಿತು. ಹುಳು ದಾಟುವ ದಾರಿಯನ್ನು ಕಡಿದದ್ದೇ ಅಲ್ಲಿ ಫಲ ಕೊಟ್ಟಿತು. ಮೀನುಕೊಳಕ್ಕೂ ಇದೇ ಉಪಾಯ.

ಲಕ್ಷಣಗಳು

ಹುಳು ಕಡಿಮೆಯಿದ್ದರೆ ಹೊರಗೆ ಏನೂ ಕಾಣದು. ಹೆಚ್ಚಾದರೆ ಮೀನು ಬಡಕಲಾಗುತ್ತದೆ, ಕಿವಿರು ಬಿಳಿಚಿಕೊಳ್ಳುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಸಣ್ಣ ಮೀನುಗಳಲ್ಲಿ ಗುದದ್ವಾರದಿಂದ ಕೆಂಪು ಹುಳುಗಳು ಇಣುಕುವುದುಂಟು.

ಹತೋಟಿ ಕ್ರಮಗಳು

ಸೈಕ್ಲಾಪ್ಸ್ ಮೀನುಮರಿಗಳ ಆಹಾರವೂ ಹೌದು. ಆದ್ದರಿಂದ ಅದನ್ನು ನಾಶಮಾಡುವ ಬದಲು, ಹುಳುವಿನ ಮರಿ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಬೇಕು.

1. ಮೀನು ಹಿಡಿದ ಮೇಲೆ ಕೊಳವನ್ನು ಬರಿದು ಮಾಡಿ, ತಳ ಬಿರುಕು ಬಿಡುವವರೆಗೆ ಒಣಗಿಸಿ. ಮಣ್ಣು ಪರೀಕ್ಷೆಗೆ ಅನುಗುಣವಾಗಿ ಸುಣ್ಣ ಹಾಕಿ.

2. ಬಿತ್ತನೆ ಮರಿಗಳನ್ನು ನಂಬಿಕೆಯ ಮೀನುಮರಿ ಕೇಂದ್ರದಿಂದಲೇ ತನ್ನಿ. ಕೆರೆಯಲ್ಲಿ ಹಿಡಿದ ಮರಿಗಳನ್ನು ಬಿಡಬೇಡಿ.

3. ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಸೈಕ್ಲಾಪ್ಸ್ ನುಸುಳಬಹುದು, ಆದರೆ ಹುಳು ಹೊತ್ತ ಕಾಡುಮೀನು ಒಳಬರುವುದಿಲ್ಲ.

4. ಮೀನಿನ ಕರುಳನ್ನು ಕೊಳದ ದಂಡೆಯಲ್ಲಿ ತೊಳೆದು ನೀರಿಗೆಸೆಯುವ ಅಭ್ಯಾಸ ಬಿಡಿ. ಹೆಣ್ಣು ಹುಳುವಿನ ಒಡಲಿನ ಮರಿಗಳೆಲ್ಲ ಕೊಳಕ್ಕೆ ಸೇರುತ್ತವೆ. ಕರುಳನ್ನು ದೂರದಲ್ಲಿ ಹೂಳಿರಿ.

5. ಬಡಕಲು ಮೀನು ಕಂಡರೆ ಒಂದೆರಡನ್ನು ಸೀಳಿ ನೋಡಿ. ಹುಳುವಿದ್ದರೆ ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ತೋರಿಸಿ. ಅವರ ಸಲಹೆಯಿಲ್ಲದೆ ಜಂತುನಾಶಕ ಔಷಧಿಯನ್ನು ಕೊಳಕ್ಕೆ ಸುರಿಯಬೇಡಿ. ಹಣ ನೀರುಪಾಲಾಗುವುದಲ್ಲದೆ, ತಿನ್ನುವ ಮೀನಿನಲ್ಲಿ ಔಷಧಿಯ ಅಂಶ ಉಳಿಯಬಹುದು.

ಈ ಕೆಂಪು ಹುಳುಗಳು ಮನುಷ್ಯನ ಕರುಳಿನಲ್ಲಿ ನೆಲೆಸುವುದಿಲ್ಲ. ಕರುಳು ತೆಗೆದು, ಚೆನ್ನಾಗಿ ಬೇಯಿಸಿದ ಮೀನನ್ನು ನಿರ್ಭಯವಾಗಿ ಉಣ್ಣಬಹುದು. ನಷ್ಟವಾಗುವುದು ಮೀನಿನ ತೂಕದಲ್ಲಿ, ಅಂದರೆ ಸಾಕಿದವರ ಆದಾಯದಲ್ಲಿ. ಮರಿ ಬಿಡುವ ಮೊದಲೇ ಕೊಳವನ್ನು ಸಿದ್ಧಗೊಳಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.